ಡ್ರೈವರ್ ಕೈಯಿಂದ ಪಹಣಿ ಪುಸ್ತಕ ವಾಪಸ್ ಪಡೆದ ಲಿನಕ್ಸ್

ಲ್ಯಾಪ್‌ಟಾಪ್‌ನ ಕ್ಯಾಮೆರಾ ಆನ್ ಮಾಡಿದ್ದೀರಿ ಅಂದುಕೊಳ್ಳಿ. ಚಿತ್ರದ ಅಗಲ 1920 ಪಿಕ್ಸೆಲ್, ಎತ್ತರ 1080. ಒಂದೊಂದು ಪಿಕ್ಸೆಲ್‌ಗೆ 2 ಬೈಟ್. ಒಂದು ಚಿತ್ರಕ್ಕೆ 41,47,200 ಬೈಟ್ ಆಯಿತು. ಸೆಕೆಂಡಿಗೆ 30 ಚಿತ್ರ ಬಂದರೆ 12 ಕೋಟಿ 44 ಲಕ್ಷ ಬೈಟ್. ಇದಿಷ್ಟೂ ಬಂದು ಬೀಳುವುದು ಕ್ಯಾಮೆರಾ ಡ್ರೈವರ್, ಅಂದರೆ ಕ್ಯಾಮೆರಾವನ್ನು ನಡೆಸುವ ಸಾಫ್ಟ್‌ವೇರ್, ಕಾಯ್ದಿಟ್ಟ ಮೆಮೊರಿಯಲ್ಲಿ. ಆದರೆ ಅದು ಬೇಕಾಗಿರುವುದು ನಿಮ್ಮ ವಿಡಿಯೋ ಕಾಲ್ ಪ್ರೋಗ್ರಾಂಗೆ.

ಕಾಪಿ ಮಾಡಿ ಕೊಡಬಹುದು. ಪ್ರೋಗ್ರಾಂ 'ರೀಡ್' ಅಂತ ಕೇಳುತ್ತದೆ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತನ್ನ ಮೆಮೊರಿಯಿಂದ ಪ್ರೋಗ್ರಾಂನ ಮೆಮೊರಿಗೆ ಅಷ್ಟನ್ನೂ ಸುರಿಯುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಇದು ಬಾವಿಯಿಂದ ಬಿಂದಿಗೆ ಬಿಂದಿಗೆಯಾಗಿ ಹೊತ್ತು ಪಕ್ಕದ ತೊಟ್ಟಿ ತುಂಬಿಸಿದ ಹಾಗೆ. ನೀರು ಅದೇ, ಮೈಕೈ ನೋವು ಮಾತ್ರ ಜಾಸ್ತಿ. ಇನ್ನೊಂದು ದಾರಿಯಲ್ಲಿ ಕಾಪಿಯೇ ಇಲ್ಲ. ಡ್ರೈವರ್ ಬಳಿ ಇರುವ ಅದೇ ಮೆಮೊರಿ ಪ್ರೋಗ್ರಾಂಗೂ ಕಾಣುವ ಹಾಗೆ ಮಾಡಿಬಿಡುವುದು. ಇದಕ್ಕೆ 'ಎಂಮ್ಯಾಪ್' ಅಂತ ಹೆಸರು. 1983ರ 4.2 ಬಿಎಸ್‌ಡಿ ಯುನಿಕ್ಸ್‌ನ ಕೈಪಿಡಿಯಲ್ಲೇ ಇದರ ವಿವರ ಇತ್ತು. ಕೈಪಿಡಿಯಲ್ಲಿ ಮಾತ್ರ ಇತ್ತು, ಕೋಡ್‌ನಲ್ಲಿ ಇರಲಿಲ್ಲ! ಇವತ್ತು ಗ್ರಾಫಿಕ್ಸ್ ಕಾರ್ಡ್, ಸೌಂಡ್ ಕಾರ್ಡ್, ಕ್ಯಾಮೆರಾ, ವೇಗದ ನೆಟ್‌ವರ್ಕ್ ಕಾರ್ಡ್ ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ.

ಪ್ರೋಗ್ರಾಂ ಕಡೆಯಿಂದ ನೋಡಿದರೆ ಎಂಮ್ಯಾಪ್ ಕರೆ ಹಲವು ದಶಕಗಳಿಂದ ಹೆಚ್ಚುಕಡಿಮೆ ಹಾಗೇ ಇದೆ. ಬದಲಾಗುತ್ತಾ ಬಂದಿರುವುದು ಒಳಗಿನ ವ್ಯವಹಾರ, ಅಂದರೆ ಕರ್ನಲ್‌ನ ಮೆಮೊರಿ ವಿಭಾಗಕ್ಕೂ ಡ್ರೈವರ್‌ಗೂ ನಡುವಿನ ಒಪ್ಪಂದ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಈ ಒಪ್ಪಂದವನ್ನು ಎರಡು ದಶಕಗಳಿಂದ ತಿದ್ದುತ್ತಲೇ ಇದ್ದಾರೆ. 2025ರಲ್ಲಿ ಅದರ ಅತಿ ದೊಡ್ಡ ತಿದ್ದುಪಡಿ ಶುರುವಾಯಿತು. ಅದೇನು, ಯಾಕೆ ಬೇಕಾಯಿತು ಅನ್ನುವುದು ತಿಳಿಯಬೇಕಾದರೆ ಮೊದಲು ಒಂದು ಪುಸ್ತಕದ ಪರಿಚಯ ಆಗಬೇಕು.

ನಮ್ಮ ಊರ ಜಮೀನಿಗೆ ಪಹಣಿ ಇರುತ್ತದಲ್ವಾ? ಸರ್ವೆ ನಂಬರ್, ಎಷ್ಟು ಎಕರೆ, ಯಾರ ಹೆಸರು, ಏನು ಬೆಳೆ, ಯಾವ ಋಣ. ಅದೇ ರೀತಿ ಕರ್ನಲ್ ಪ್ರತಿ ಪ್ರೋಗ್ರಾಂಗೂ ಒಂದು ಪಹಣಿ ಪುಸ್ತಕ ಇಟ್ಟಿರುತ್ತದೆ. ಅದರ ಒಂದೊಂದು ನಮೂದಿಗೆ 'ವಿಎಂಎ' ಅನ್ನುತ್ತಾರೆ. ಇಂತಿಂಥ ಅಡ್ರೆಸ್‌ನಿಂದ ಇಂತಿಂಥ ಅಡ್ರೆಸ್‌ವರೆಗೆ ಈ ಪ್ರೋಗ್ರಾಂನ ಜಾಗ, ಓದಬಹುದು, ಬರೆಯಬಾರದು, ಇದರ ಹಿಂದೆ ಇರುವುದು ಈ ಫೈಲ್ ಅಥವಾ ಈ ಸಾಧನ, ತೊಂದರೆ ಬಂದರೆ ಈ ಫಂಕ್ಷನ್‌ಗಳನ್ನು ಕರೆಯಿರಿ. ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಲಿನಕ್ಸ್ ಯಂತ್ರ ಇದ್ದವರು ಪ್ರೋಕ್ ಡೈರೆಕ್ಟರಿಯಲ್ಲಿ ಸೆಲ್ಫ್ ಒಳಗಿನ ಮ್ಯಾಪ್ಸ್ ಫೈಲ್ ತೆರೆದು ನೋಡಿ. ಒಂದೊಂದು ಸಾಲೂ ಒಂದೊಂದು ವಿಎಂಎ. ಸುಮ್ನೆ ಒಂದು ಸಣ್ಣ ಪ್ರೋಗ್ರಾಂ ಓಡಿಸಿದರೂ ಹತ್ತಿಪ್ಪತ್ತು ಸಾಲು ಸಿಗುತ್ತವೆ.

ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಲಕ್ಕೆ ಬೇಲಿ ಬಿದ್ದಿದೆ ಅಂತೇನಿಲ್ಲ. ಇಲ್ಲಿಯೂ ಹಾಗೇ. ವಿಎಂಎ ಬರೀ ದಾಖಲೆ. ನಿಜವಾದ ಗಡಿಕಲ್ಲುಗಳು ಇರುವುದು ಪೇಜ್ ಟೇಬಲ್‌ನಲ್ಲಿ. ಪ್ರೋಗ್ರಾಂ ಬಳಸುವ ಅಡ್ರೆಸ್ ನಿಜವಾದ ಮೆಮೊರಿಯ ಯಾವ ಪೇಜ್‌ಗೆ ಹೋಗುತ್ತದೆ ಅಂತ ಪ್ರೊಸೆಸರ್ ನೋಡುವುದು ಅಲ್ಲಿ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಪೇಜ್ ಅಂದರೆ ಸಾಮಾನ್ಯವಾಗಿ 4096 ಬೈಟ್. ನಮ್ಮ ಕ್ಯಾಮೆರಾ ಚಿತ್ರಕ್ಕೆ 1013 ಪೇಜ್ ಬೇಕು. ಕೊನೆಯ ಪೇಜ್ ಅರ್ಧ ಖಾಲಿ.

ಹಾಗಾದರೆ ಡ್ರೈವರ್ ಮುಂದೆ ಎರಡು ಕೆಲಸ ಇವೆ. ಒಂದು, ಪಹಣಿಯಲ್ಲಿ ತನ್ನ ಷರತ್ತುಗಳನ್ನು ಬರೆಸುವುದು. ಎರಡು, ಗಡಿಕಲ್ಲು ನೆಡಿಸುವುದು. ಕಲ್ಲುಗಳನ್ನು ಒಂದೇ ಸಲಕ್ಕೆ ನೆಡಬಹುದು. ಇಲ್ಲವೇ ಪ್ರೋಗ್ರಾಂ ಆ ಜಾಗ ಮುಟ್ಟಿದಾಗ, ಅಂದರೆ 'ಪೇಜ್ ಫಾಲ್ಟ್' ಆದಾಗ, ಒಂದೊಂದಾಗಿ ನೆಡಬಹುದು. ಹಳೆಯ ಲಿನಕ್ಸ್ ಈ ಎರಡೂ ಕೆಲಸಕ್ಕೆ ಬಹಳ ಸರಳವಾದ ದಾರಿ ಹಿಡಿದಿತ್ತು. ಪಹಣಿ ಪುಸ್ತಕವನ್ನೇ ತೆರೆದು ಡ್ರೈವರ್ ಕೈಗೆ ಕೊಡುತ್ತಿತ್ತು. ಬೇಕಾದ್ದು ಬರಕೋ ಮಾರಾಯ ಅಂತ.

ಮೊದಲು ಕಲ್ಲು ನೆಡುವ ಕೆಲಸದಲ್ಲಿ ತೊಂದರೆ ಕಾಣಿಸಿಕೊಂಡಿತು. ಹಳೆಯ ಕರ್ನಲ್‌ಗಳಲ್ಲಿ 'ರೀಮ್ಯಾಪ್ ಪೇಜ್ ರೇಂಜ್' ಅನ್ನುವ ಫಂಕ್ಷನ್ ಇತ್ತು. ಯಾವ ಫಿಸಿಕಲ್ ಅಡ್ರೆಸ್, ಅಂದರೆ ನಿಜವಾದ ಮೆಮೊರಿಯ ಅಡ್ರೆಸ್, ಬೇಕೋ ಅದನ್ನು ಒಂದು ಸಂಖ್ಯೆಯಾಗಿ ಕೊಡಬೇಕು. 32 ಬಿಟ್ ಯಂತ್ರದಲ್ಲಿ ಆ ಸಂಖ್ಯೆಯಲ್ಲಿ 4 ಜಿಬಿವರೆಗೆ ಮಾತ್ರ ಹೇಳಬಹುದು. ಆದರೆ ಪಿಎಇ ಅನ್ನುವ ಸೌಲಭ್ಯ ಬಂದ ಮೇಲೆ 32 ಬಿಟ್ ಇಂಟೆಲ್ ಯಂತ್ರಗಳೂ 36 ಬಿಟ್ ಅಡ್ರೆಸ್ ಹಿಡಿದು 64 ಜಿಬಿ ಮುಟ್ಟುತ್ತಿದ್ದವು. ಸಾಧನದ ಮೆಮೊರಿ 4 ಜಿಬಿ ಆಚೆ ಇದ್ದರೆ ಅದನ್ನು ಹೇಳಲು ಸಂಖ್ಯೆಯಲ್ಲಿ ಜಾಗವೇ ಇಲ್ಲ.

ಪರಿಹಾರ ಚಿಕ್ಕದು, ಆದರೆ ಚೊಕ್ಕವಾಗಿತ್ತು. ಅಡ್ರೆಸ್ ಕೊಡಬೇಡಿ, ಪೇಜ್ ನಂಬರ್ ಕೊಡಿ ಅಂದರು. ಪೇಜ್ 4096 ಬೈಟ್ ಅಂದರೆ ಅಡ್ರೆಸ್‌ನ ಕೊನೆಯ 12 ಬಿಟ್ ಹೇಗೂ ಸೊನ್ನೆ. ಅದನ್ನು ಬಿಟ್ಟುಬಿಟ್ಟರೆ ಅದೇ 32 ಬಿಟ್‌ನಲ್ಲಿ 44 ಬಿಟ್‌ನಷ್ಟು, ಅಂದರೆ 16 ಟಿಬಿವರೆಗೆ ಹೇಳಬಹುದು. 2004ರ ಕೊನೆಗೆ ಬಂದ ಲಿನಕ್ಸ್ ಆವೃತ್ತಿ 2.6.10ರಲ್ಲಿ 'ರೀಮ್ಯಾಪ್ ಪಿಎಫ್‌ಎನ್ ರೇಂಜ್' ಹಳೆಯದರ ಜಾಗಕ್ಕೆ ಬಂತು. ಡ್ರೈವರ್ ಬರೆಯುವವರು ಮಾಡಬೇಕಾಗಿದ್ದು ಅಡ್ರೆಸ್ ಅನ್ನು 12 ಬಿಟ್ ಬಲಕ್ಕೆ ಸರಿಸುವುದು ಮಾತ್ರ. ಮರೆತವರಿಗೆ ಏನಾಗುತ್ತಿತ್ತು ಅಂತ ಊಹಿಸಿಕೊಳ್ಳಿ. ಸರ್ವೆ ನಂಬರ್ 12ರ ಬದಲು 49,152 ಅಂತ ಬರೆದ ಹಾಗೆ.

ಮುಂದಿನ ತಿದ್ದುಪಡಿ ಫಾಲ್ಟ್ ಕಡೆಯದು. ಹಿಂದೆ ಡ್ರೈವರ್ 'ನೋಪೇಜ್' ಅನ್ನುವ ಫಂಕ್ಷನ್ ಕೊಡುತ್ತಿತ್ತು. ಪ್ರೋಗ್ರಾಂ ಖಾಲಿ ಜಾಗ ಮುಟ್ಟಿದಾಗ ಕರ್ನಲ್ ಅದನ್ನು ಕರೆದು, ಇಲ್ಲಿಗೆ ಯಾವ ಪೇಜ್ ಹಾಕಲಿ ಅಂತ ಕೇಳುತ್ತಿತ್ತು. ಡ್ರೈವರ್ ಆ ಪೇಜ್‌ನ ಲೆಕ್ಕದ ಚೀಟಿ, ಅಂದರೆ 'ಸ್ಟ್ರಕ್ಟ್ ಪೇಜ್', ವಾಪಸ್ ಕೊಡಬೇಕು. ತೊಂದರೆ ಏನೆಂದರೆ ಈ ಚೀಟಿ ಇರುವುದು ಮಾಮೂಲಿ ರ‍್ಯಾಮ್‌ಗೆ. ಗ್ರಾಫಿಕ್ಸ್ ಕಾರ್ಡ್ ಮೇಲೆಯೇ ಇರುವ ಮೆಮೊರಿಗೆ ಸಾಮಾನ್ಯವಾಗಿ ಚೀಟಿ ಇರುವುದಿಲ್ಲ. ಅದಕ್ಕೆಂದು 'ನೋಪಿಎಫ್‌ಎನ್' ಅನ್ನುವ ಮತ್ತೊಂದು ಫಂಕ್ಷನ್ ಸೇರಿಸಿದರು. ಒಂದೇ ಪ್ರಶ್ನೆಗೆ ಎರಡು ಕಿಟಕಿ. 2007ರ ಅಕ್ಟೋಬರ್‌ನಲ್ಲಿ ಬಂದ 2.6.23ರಲ್ಲಿ ಕರ್ನಲ್ ಕೋಡ್ ಬರೆಯುವ ನಿಕ್ ಪಿಗ್ಗಿನ್ ಇವಕ್ಕೆಲ್ಲ ಸೇರಿ 'ಫಾಲ್ಟ್' ಅನ್ನುವ ಒಂದೇ ಕಿಟಕಿ ತಂದರು. ಹಳೆಯವನ್ನು ಮುಂದೆ ಒಂದೊಂದಾಗಿ ಕಿತ್ತುಹಾಕಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಫಾಲ್ಟ್ ಫಂಕ್ಷನ್ ವಾಪಸ್ ಕೊಡುತ್ತಿದ್ದುದು ಒಂದು ಮಾಮೂಲಿ ಪೂರ್ಣಾಂಕ. ಅದರಲ್ಲಿ ಇರಬೇಕಾದದ್ದು ಫಾಲ್ಟ್‌ಗೇ ಮೀಸಲಾದ ಗುರುತುಗಳು. ಕೆಲವು ಡ್ರೈವರ್‌ಗಳು ಅಭ್ಯಾಸಬಲದಿಂದ ಕರ್ನಲ್‌ನ ಬೇರೆ ಕಡೆ ಬಳಸುವ ಋಣ ಸಂಖ್ಯೆಯ ತಪ್ಪು ಕೋಡ್ ಕೊಡುತ್ತಿದ್ದವು. ಎರಡೂ ಪೂರ್ಣಾಂಕವೇ ಆದ್ದರಿಂದ ಕಂಪೈಲರ್ ತುಟಿ ಬಿಚ್ಚುತ್ತಿರಲಿಲ್ಲ. 2018ರ 4.17ರಿಂದ ಇದಕ್ಕೆ ಬೇರೆಯೇ ಒಂದು ಟೈಪ್ ಬಂತು. ಬೆರಕೆ ಮಾಡಿದರೆ ಪರಿಶೀಲನೆಯ ಸಾಧನಗಳು ಬೊಟ್ಟು ಮಾಡಿ ತೋರಿಸುತ್ತವೆ. ಸಣ್ಣ ಬದಲಾವಣೆ ಅನಿಸಬಹುದು. ಆದರೆ ಡ್ರೈವರ್ ಬರೆಯುವವರ ಎಚ್ಚರವನ್ನು ನಂಬುವ ಬದಲು ತಪ್ಪು ಮಾಡಲು ಜಾಗವೇ ಇಲ್ಲದ ಹಾಗೆ ಮಾಡುವುದು, ಈ ಇಡೀ ಕಥೆಯಲ್ಲಿ ನಡೆಯುತ್ತಿರುವುದು ಅದೇ.

ಎಚ್ಚರವನ್ನು ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜೇಬಿನಲ್ಲೇ ಇದ್ದ ಉದಾಹರಣೆ ಕೊಡುತ್ತೇನೆ. 2012ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್3, ನೋಟ್ 2ರಂಥ ಫೋನ್‌ಗಳಲ್ಲಿ ಒಂದು ದೊಡ್ಡ ತೂತು ಬಯಲಾಯಿತು. ಅವುಗಳ ಎಕ್ಸಿನಾಸ್ ಚಿಪ್‌ಗೆಂದು ಬರೆದ ಒಂದು ಡ್ರೈವರ್ 'ಎಕ್ಸಿನಾಸ್ ಮೆಮ್' ಅನ್ನುವ ಸಾಧನ ಫೈಲ್ ಇಟ್ಟಿತ್ತು. ಅದನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ಎಂಮ್ಯಾಪ್ ಕೇಳಿದರೆ ಅದು ಫೋನ್‌ನ ಫಿಸಿಕಲ್ ಮೆಮೊರಿಯನ್ನು, ಕರ್ನಲ್ ಕೂತಿರುವ ಜಾಗವನ್ನೂ ಸೇರಿಸಿ, ಹರಿವಾಣದಲ್ಲಿಟ್ಟು ಕೊಡುತ್ತಿತ್ತು. ಯಾವುದೋ ಆಟದ ಆ್ಯಪ್ ಹಾಕಿಕೊಂಡರೂ ಸಾಕು, ಅದು ಮನಸ್ಸು ಮಾಡಿದರೆ ಇಡೀ ಫೋನ್ ಅದರ ಕೈಗೆ. ಸ್ಯಾಮ್‌ಸಂಗ್ ಆಮೇಲೆ ಅಪ್‌ಡೇಟ್ ಕಳಿಸಿ ಮುಚ್ಚಿತು. ಪಹಣಿಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಗುಂಟೆ ಕೇಳಲು ಬಂದವನಿಗೆ ಇಡೀ ಹೋಬಳಿ ಬರೆದುಕೊಟ್ಟ ಹಾಗೆ.

ಆ ಡ್ರೈವರ್‌ನದ್ದು ಅತಿಯಾಯಿತು, ನಿಜ. ಆದರೆ ಅದರ ಸಣ್ಣ ತಮ್ಮಂದಿರು ಬಹಳ ಇದ್ದರು. ಪ್ರೋಗ್ರಾಂ ಎಷ್ಟು ಉದ್ದದ ಜಾಗ ಕೇಳಿದೆ, ಎಲ್ಲಿಂದ ಕೇಳಿದೆ, ಅದು ಸಾಧನದ ಮೆಮೊರಿಯ ಒಳಗೇ ಇದೆಯಾ? ಈ ಲೆಕ್ಕವನ್ನು ಪ್ರತಿ ಡ್ರೈವರ್ ತಾನೇ ಮಾಡಬೇಕಿತ್ತು. ಕೂಡಿಸುವಾಗ ಸಂಖ್ಯೆ ಉಕ್ಕಿ ಮತ್ತೆ ಸೊನ್ನೆಯಿಂದ ಶುರುವಾದರೆ ಪರೀಕ್ಷೆ ಸುಳ್ಳೇ ಪಾಸಾಗುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಾವೇ 'ವಿಎಂ ಐಒಮ್ಯಾಪ್ ಮೆಮೊರಿ' ಅನ್ನುವ ಸಹಾಯಕ ಫಂಕ್ಷನ್ ಸೇರಿಸಿದರು. ಡ್ರೈವರ್ ಹೇಳಬೇಕಾದದ್ದು ಇಷ್ಟೇ: ನನ್ನ ಮೆಮೊರಿ ಇಲ್ಲಿಂದ ಶುರು, ಇಷ್ಟು ಉದ್ದ. ಲೆಕ್ಕ, ಗಡಿ ಪರೀಕ್ಷೆ ಎಲ್ಲ ಒಳಗೇ ನಡೆಯುತ್ತದೆ. ನನ್ನ ಪ್ರಕಾರ ಇವತ್ತಿನ ಬದಲಾವಣೆಯ ಬೀಜ ಇಲ್ಲೇ ಇದೆ.

ಆದರೂ ಪುಸ್ತಕ ಇನ್ನೂ ಡ್ರೈವರ್ ಕೈಯಲ್ಲೇ ಇತ್ತು. ವಿಎಂಎ ನಮೂದಿನಲ್ಲಿ 'ಫ್ಲ್ಯಾಗ್ಸ್' ಅನ್ನುವ ಒಂದು ಅಂಕಣ ಇದೆ. ಇದು ಸಾಧನದ ಮೆಮೊರಿ, ಇದನ್ನು ಹಿಗ್ಗಿಸಬೇಡಿ, ಪ್ರೋಗ್ರಾಂ ಕುಸಿದಾಗ ಇದನ್ನು ಡಂಪ್ ಮಾಡಬೇಡಿ, ಅಂದರೆ ಫೈಲ್‌ಗೆ ಸುರಿದಿಡಬೇಡಿ. ಇಂಥ ಸೂಚನೆಗಳು ಅಲ್ಲಿ ಇರುತ್ತವೆ. ಡ್ರೈವರ್‌ಗಳು ಆ ಅಂಕಣಕ್ಕೆ ನೇರವಾಗಿ ಬರೆಯುತ್ತಿದ್ದವು. ಆಗ ಇಡೀ ಪುಸ್ತಕಕ್ಕೆ ಒಂದೇ ಬೀಗ ಇತ್ತು. ಅದಕ್ಕೆ ಈಗ 'ಎಂಮ್ಯಾಪ್ ಲಾಕ್' ಅನ್ನುತ್ತಾರೆ. ನೂರು ಥ್ರೆಡ್, ಅಂದರೆ ಒಟ್ಟೊಟ್ಟಿಗೆ ಓಡುವ ನೂರು ಎಳೆ, ಇರುವ ಪ್ರೋಗ್ರಾಂನಲ್ಲಿ ಒಬ್ಬ ಪುಸ್ತಕ ತಿದ್ದುತ್ತಿದ್ದರೆ ಪೇಜ್ ಫಾಲ್ಟ್ ಆದ ಉಳಿದವರೆಲ್ಲ ಬಾಗಿಲಲ್ಲಿ ನಿಲ್ಲಬೇಕು. ಹಾಗಾಗಿ ಒಂದೊಂದು ನಮೂದಿಗೂ ಬೇರೆ ಬೇರೆ ಬೀಗ ಹಾಕುವ ಕೆಲಸ ಶುರುವಾಯಿತು. ಅದು 2023ರ 6.4ರಲ್ಲಿ ಬಂತು. ಆದರೆ ಬೀಗ ಹಾಕಬೇಕಾದರೆ ಯಾರು ಯಾವಾಗ ಬರೆಯುತ್ತಿದ್ದಾರೆ ಅಂತ ಗೊತ್ತಾಗಬೇಕಲ್ಲ?

ಅದಕ್ಕೆ ಅದರ ಹಿಂದಿನ 6.3ರಲ್ಲೇ ಕರ್ನಲ್ ಕೋಡ್ ಬರೆಯುವ ಸುರೇನ್ ಬಘ್ದಸಾರ್ಯಾನ್ ಒಂದು ಕಠಿಣ ಕೆಲಸ ಮಾಡಿದರು. ಫ್ಲ್ಯಾಗ್ಸ್ ಅಂಕಣವನ್ನು ಓದಲು ಮಾತ್ರ ಅಂತ ಮಾಡಿಬಿಟ್ಟರು. ಬರೆಯಬೇಕಾದರೆ 'ಸೆಟ್', 'ಕ್ಲಿಯರ್' ಅನ್ನುವ ಫಂಕ್ಷನ್‌ಗಳ ಮೂಲಕವೇ ಬರೆಯಬೇಕು. ಕರ್ನಲ್ ಒಳಗಿನ ಡ್ರೈವರ್‌ಗಳನ್ನು ಅದೇ ಪ್ಯಾಚ್‌ಗಳಲ್ಲಿ ತಿದ್ದಲಾಯಿತು. ಕರ್ನಲ್ ಹೊರಗೆ ಇಟ್ಟುಕೊಂಡಿದ್ದ ಡ್ರೈವರ್‌ಗಳು ಮಾತ್ರ ಮರುದಿನ ಕಂಪೈಲ್ ಆಗಲಿಲ್ಲ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಡ್ರೈವರ್ ಬರೆಯುವ ಯಾರನ್ನಾದರೂ ಕೇಳಿ. ಆವೃತ್ತಿ 6.3ಕ್ಕಿಂತ ಹೊಸದಾದರೆ ಹೀಗೆ, ಹಳೆಯದಾದರೆ ಹಾಗೆ ಅನ್ನುವ ಸಾಲುಗಳು ಅವರ ಕೋಡ್‌ನಲ್ಲಿ ಇದ್ದೇ ಇರುತ್ತವೆ. ಲಿನಕ್ಸ್‌ನ ನಿಯಮವೇ ಅದು. ಹೊರಗಿನ ಪ್ರೋಗ್ರಾಂಗಳನ್ನು ಕೆಡಿಸುವುದಿಲ್ಲ. ಒಳಗಿನ ಒಪ್ಪಂದ ಯಾವಾಗ ಬೇಕಾದರೂ ಬದಲಾಗಬಹುದು.

ಈಗ ದೊಡ್ಡ ಬದಲಾವಣೆಗೆ ಬರೋಣ. ಅದಕ್ಕೆ ಮುಂಚೆ ಹಳೆಯ ಕ್ರಮದಲ್ಲಿ ಒಂದು ಎಂಮ್ಯಾಪ್ ಕರೆ ಬಂದರೆ ಒಳಗೆ ಏನೇನು ನಡೆಯುತ್ತಿತ್ತು ಅಂತ ನಿಧಾನವಾಗಿ ನೋಡಬೇಕು. ತೊಂದರೆಯ ಬೇರು ಅಲ್ಲಿದೆ.

ಪ್ರೋಗ್ರಾಂ ಕೇಳಿದ ಜಾಗದಲ್ಲಿ ಈಗಾಗಲೇ ಏನಾದರೂ ಇದ್ದರೆ ಕರ್ನಲ್ ಅದನ್ನು ತೆರವು ಮಾಡುತ್ತದೆ. ಅಕ್ಕಪಕ್ಕದ ನಮೂದು ಇದೇ ತರಹದ್ದಾಗಿದ್ದರೆ ಹೊಸದು ಬರೆಯದೆ ಅದನ್ನೇ ಹಿಗ್ಗಿಸಲು ನೋಡುತ್ತದೆ. ಇದಕ್ಕೆ ಮರ್ಜ್ ಅನ್ನುತ್ತಾರೆ, ನಮ್ಮ ಪೋಡಿಗೆ ತದ್ವಿರುದ್ಧ. ಆಗದಿದ್ದರೆ ಹೊಸ ವಿಎಂಎ ಮಾಡಿ, ಅದರ ಕೆಲವು ಅಂಕಣ ತುಂಬಿ, ಡ್ರೈವರ್‌ನ ಎಂಮ್ಯಾಪ್ ಫಂಕ್ಷನ್ ಕರೆಯುತ್ತದೆ. ನಮೂದು ಇನ್ನೂ ಪುಸ್ತಕ ಸೇರಿಲ್ಲ. ಅರ್ಧ ಬರೆದ ಹಾಳೆ. ಅಂಥ ಹಾಳೆ ಡ್ರೈವರ್ ಕೈಗೆ ಹೋಗುತ್ತದೆ.

ಡ್ರೈವರ್ ಅದರಲ್ಲಿ ಏನು ಬೇಕಾದರೂ ಮಾಡಬಹುದು. ಫ್ಲ್ಯಾಗ್ ಬದಲಿಸಬಹುದು. ಹಿಂದಿರುವ ಫೈಲ್ ಅನ್ನೇ ತೆಗೆದು ಬೇರೆ ಫೈಲ್ ಹಾಕಬಹುದು. ಪೇಜ್ ಟೇಬಲ್‌ನಲ್ಲಿ ಕಲ್ಲು ನೆಟ್ಟುಬಿಡಬಹುದು. ಅರ್ಧ ದಾರಿಯಲ್ಲಿ ನನ್ನಿಂದ ಆಗುವುದಿಲ್ಲ ಅಂತ ತಪ್ಪು ಕೋಡ್ ಕೊಟ್ಟು ವಾಪಸ್ ಬರಬಹುದು. ಇದೆಲ್ಲ ಸುಮ್ನೆ ಹೇಳುತ್ತಿಲ್ಲ, ಪ್ರತಿಯೊಂದನ್ನೂ ಮಾಡುವ ಡ್ರೈವರ್‌ಗಳು ನಿಜವಾಗಿ ಇವೆ.

ಹಾಳೆ ವಾಪಸ್ ಬಂದ ಮೇಲೆ ಕರ್ನಲ್‌ನ ಪಾಡು ನೋಡಿ. ಡ್ರೈವರ್ ಏನು ಬದಲಿಸಿದೆ ಅಂತ ಮತ್ತೆ ಪರಿಶೀಲಿಸಬೇಕು. ಫ್ಲ್ಯಾಗ್ ಬದಲಾಗಿದ್ದರೆ ಮರ್ಜ್ ಸಾಧ್ಯವೇ ಅಂತ ಇನ್ನೊಮ್ಮೆ ನೋಡಬೇಕು. ಹೊಸ ಫ್ಲ್ಯಾಗ್‌ಗಳು ಈ ಪ್ರೊಸೆಸರ್‌ನಲ್ಲಿ ನಡೆಯುತ್ತವೆಯೇ ಅಂತ ಕೇಳಬೇಕು. ಈ ಹಂತದಲ್ಲಿ ಏನಾದರೂ ಎಡವಟ್ಟಾದರೆ ಡ್ರೈವರ್ ಮಾಡಿದ್ದನ್ನೆಲ್ಲ ಬಿಚ್ಚಬೇಕು. ಡ್ರೈವರ್ ಏನು ಮಾಡಿದೆ ಅಂತ ಪೂರ್ತಿ ಗೊತ್ತಿಲ್ಲದೆ ಬಿಚ್ಚುವುದು ಹೇಗೆ?

ಇದು ಬರೀ ವಾದವಾಗಿ ಉಳಿಯಲಿಲ್ಲ. 2024ರಲ್ಲಿ ಗೂಗಲ್‌ನ ಭದ್ರತಾ ಸಂಶೋಧಕ ಯಾನ್ ಹಾರ್ನ್ ಈ ಬಿಚ್ಚುವ ದಾರಿಯಲ್ಲಿ ತಪ್ಪು ಇರುವುದನ್ನು ತೋರಿಸಿದರು. ಡ್ರೈವರ್‌ನ ಎಂಮ್ಯಾಪ್ ಸೋತ ಮೇಲೂ ಅದೇ ಡ್ರೈವರ್‌ನ 'ಕ್ಲೋಸ್' ಫಂಕ್ಷನ್ ಕರೆಯುವ ಸಂದರ್ಭ ಬರುತ್ತಿತ್ತು. ಪೂರ್ತಿ ಕಟ್ಟದ ಮನೆಯನ್ನು ಕೆಡವಲು ಹೋದ ಹಾಗೆ. ಇದಕ್ಕೆ ಸಿವಿಇ-2024-53096 ಅನ್ನುವ ಭದ್ರತಾ ಸಂಖ್ಯೆ ಬಂತು. ಮೆಮೊರಿ ವಿಭಾಗದ ಲೊರೆಂಜೊ ಸ್ಟೋಕ್ಸ್ ಮಾಡಿದ ಸರಿಪಡಿಕೆ ಅದೇ ವರ್ಷದ ನವೆಂಬರ್‌ನಲ್ಲಿ ಬಿಡುಗಡೆಯಾದ 6.12ರ ಹೊತ್ತಿಗೆ ಸೇರಿತು. ಉಪಾಯ ಹೀಗಿತ್ತು. ಸೋಲಬಹುದಾದ ಪರೀಕ್ಷೆಗಳನ್ನೆಲ್ಲ ಡ್ರೈವರ್ ಕರೆಯುವುದಕ್ಕೆ ಮುಂಚೆಯೇ ಮುಗಿಸುವುದು. ಪುಸ್ತಕಕ್ಕೆ ಸೇರಿಸಲು ಬೇಕಾದ ಮೆಮೊರಿಯನ್ನೂ ಮೊದಲೇ ತೆಗೆದಿಟ್ಟುಕೊಳ್ಳುವುದು. ಡ್ರೈವರ್ ಸೋತು ಬಂದರೆ ಆ ಹಾಳೆಯಿಂದ ಅದರ ಫಂಕ್ಷನ್‌ಗಳ ಪಟ್ಟಿಯನ್ನೇ ಕಿತ್ತು, ಏನೂ ಮಾಡದ ಖಾಲಿ ಪಟ್ಟಿ ಅಂಟಿಸುವುದು. ಆಗ ತಪ್ಪಿ ಕರೆದರೂ ಯಾರೂ ಓಗೊಡುವುದಿಲ್ಲ.

ಇದು ಗಾಯಕ್ಕೆ ಪಟ್ಟಿ. ರೋಗಕ್ಕೆ ಮದ್ದು 2025ರ ಜುಲೈನಲ್ಲಿ ಬಂದ 6.16ರಲ್ಲಿ ಕಾಣಿಸಿಕೊಂಡಿತು. ಅದನ್ನು ತಂದವರೂ ಸ್ಟೋಕ್ಸ್. ಹೆಸರು 'ಎಂಮ್ಯಾಪ್ ಪ್ರಿಪೇರ್'.

ಇದರ ತಿರುಳು ಒಂದೇ ಸಾಲಿನದು. ಪುಸ್ತಕ ಕೊಡುವುದಿಲ್ಲ, ಅರ್ಜಿ ಫಾರಂ ಕೊಡುತ್ತೇವೆ, ತುಂಬಿ ಕೊಡಿ.

ಕರ್ನಲ್ ಈಗ ವಿಎಂಎ ಮಾಡುವುದಕ್ಕೆ ಮುಂಚೆಯೇ ಡ್ರೈವರ್ ಅನ್ನು ಕೇಳುತ್ತದೆ. ಆ ಹೊತ್ತಿಗೆ ನಮೂದೂ ಇಲ್ಲ, ಮರ್ಜ್ ಕೂಡ ಆಗಿಲ್ಲ. ಡ್ರೈವರ್ ಕೈಗೆ ಸಿಗುವುದು 'ವಿಎಂ ಏರಿಯಾ ಡೆಸ್ಕ್' ಅನ್ನುವ ಸಣ್ಣ ಫಾರಂ. ಯಾವ ಅಡ್ರೆಸ್‌ನಿಂದ ಯಾವ ಅಡ್ರೆಸ್‌ವರೆಗೆ ಅನ್ನುವುದು ಅದರಲ್ಲಿ ಅಚ್ಚಾಗಿದೆ. ಅದನ್ನು ತಿದ್ದುವ ಹಾಗಿಲ್ಲ. ಫೈಲ್, ಆಫ್‌ಸೆಟ್, ಫ್ಲ್ಯಾಗ್, ಪೇಜ್‌ಗಳ ರಕ್ಷಣೆಯ ರೀತಿ ಇವು ಮೊದಲೇ ತುಂಬಿವೆ, ಬೇಕಿದ್ದರೆ ಬದಲಿಸಬಹುದು. ಫಂಕ್ಷನ್‌ಗಳ ಪಟ್ಟಿ ಮತ್ತು ಡ್ರೈವರ್‌ನ ಖಾಸಗಿ ಮಾಹಿತಿ ಈ ಎರಡು ಜಾಗ ಖಾಲಿ, ಅದನ್ನು ಡ್ರೈವರ್ ತುಂಬಬೇಕು. ಅಷ್ಟೇ. ಆಮೇಲೆ ಕರ್ನಲ್ ಫಾರಂ ನೋಡಿ ಒಂದೇ ಸಲ ತೀರ್ಮಾನ ಮಾಡುತ್ತದೆ. ಮರ್ಜ್ ಆಗುತ್ತದೆಯೇ? ಆಗದಿದ್ದರೆ ಹೊಸ ನಮೂದು. ಬರೆಯುವವನು ಗುಮಾಸ್ತ, ಅಂದರೆ ಕರ್ನಲ್, ಒಬ್ಬನೇ. ಡ್ರೈವರ್ ಬೇಡ ಅಂದರೆ ಫಾರಂ ಹರಿದು ಬಿಸಾಕಿದರೆ ಮುಗಿಯಿತು. ಬಿಚ್ಚಲು ಏನೂ ಇಲ್ಲ.

ಚೆನ್ನಾಗಿದೆ, ಅಲ್ವಾ? ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕಡತ ವ್ಯವಸ್ಥೆಗಳಿಗೆ ಇದು ಬೇಗ ಒಗ್ಗಿತು. ಅವಕ್ಕೆ ಬೇಕಾಗಿದ್ದುದು ಹೆಚ್ಚಾಗಿ ಫಂಕ್ಷನ್ ಪಟ್ಟಿ ಹಚ್ಚುವುದು ಮಾತ್ರ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಮುಂತಾದವು 6.17ರಲ್ಲೇ ಹೊಸ ದಾರಿಗೆ ಬಂದವು. ಡ್ರೈವರ್‌ಗಳ ವಿಷಯ ಹಾಗಲ್ಲ. ಅವುಗಳಲ್ಲಿ ಬಹಳಷ್ಟು ಎಂಮ್ಯಾಪ್ ಒಳಗೇ ರೀಮ್ಯಾಪ್ ಪಿಎಫ್‌ಎನ್ ರೇಂಜ್ ಕರೆದು ಕಲ್ಲು ನೆಡುತ್ತವೆ. ಕಲ್ಲು ನೆಡಲು ನಮೂದು ಬೇಕು. ಪ್ರಿಪೇರ್ ಹೊತ್ತಿನಲ್ಲಿ ನಮೂದೇ ಇಲ್ಲವಲ್ಲ!

ಇದಕ್ಕೆ ಸಿಕ್ಕ ಉತ್ತರ ನನಗೆ ಈ ಇಡೀ ಕೆಲಸದಲ್ಲಿ ಜಾಸ್ತಿ ಇಷ್ಟವಾದ ಭಾಗ. ಫಾರಂಗೆ ಇನ್ನೊಂದು ಅಂಕಣ ಸೇರಿಸಿದರು, 'ಮುಂದೆ ಮಾಡಬೇಕಾದ ಕೆಲಸ' ಅಂತ. ಡ್ರೈವರ್ ತಾನು ಕಲ್ಲು ನೆಡುವುದಿಲ್ಲ. ಈ ಅಡ್ರೆಸ್‌ನಿಂದ, ಈ ಪೇಜ್ ನಂಬರ್‌ನಿಂದ ಶುರುಮಾಡಿ, ಇಷ್ಟು ಉದ್ದಕ್ಕೆ ನೆಟ್ಟುಕೊಡಿ ಅಂತ ಬರೆದುಕೊಡುತ್ತದೆ. ಕರ್ನಲ್ ನಮೂದು ಮಾಡಿದ ಮೇಲೆ ತಾನೇ ಆ ಕೆಲಸ ಮುಗಿಸುತ್ತದೆ. ಯಂತ್ರದ ಫಿಸಿಕಲ್ ಮೆಮೊರಿಯನ್ನೇ ತೋರಿಸುವ 'ಡೆವ್ ಮೆಮ್' ಡ್ರೈವರ್ ಹೀಗೆ ಬದಲಾದ ಮೊದಲ ಕೆಲವರಲ್ಲಿ ಒಂದು. ಕೆಲಸ ಗೆದ್ದ ಮೇಲೆ ನನ್ನನ್ನು ಒಮ್ಮೆ ಕರೆಯಿರಿ ಅನ್ನಲೂ ಒಂದು ಜಾಗ ಇಟ್ಟಿದ್ದಾರೆ. ಓದಿದಷ್ಟೂ ಸೊನ್ನೆ ಕೊಡುವ 'ಡೆವ್ ಝೀರೊ' ಥರದ ವಿಚಿತ್ರ ಪ್ರಾಣಿಗಳಿಗೆ ಅದು ಬೇಕಾಗುತ್ತದೆ. ಆದರೆ ಈ ಬಾಗಿಲು ಕಿರಿದು. ಕೊಟ್ಟಿರುವ ರೀತಿ ನೋಡಿದರೆ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ ಹಾಗಿದೆ.

ಹೊಸ ದಾರಿಯಲ್ಲಿ ಹೊಸ ಗುಂಡಿಗಳೂ ಇವೆ. ಹಳೆಯ ಎಂಮ್ಯಾಪ್‌ನಲ್ಲಿ ಎಷ್ಟೋ ಡ್ರೈವರ್‌ಗಳು ಒಂದು ಎಣಿಕೆ ಹೆಚ್ಚಿಸುತ್ತಿದ್ದವು. ನನ್ನ ಬಫರ್ ಅನ್ನು, ಅಂದರೆ ನಾನು ಕಾಯ್ದಿಟ್ಟ ಮೆಮೊರಿಯನ್ನು, ಒಬ್ಬರು ಬಳಸುತ್ತಿದ್ದಾರೆ, ಈಗ ಬಿಟ್ಟುಕೊಡಬಾರದು ಅಂತ ನೆನಪಿಡಲು. ನಮೂದು ಮುಚ್ಚಿದಾಗ ಕ್ಲೋಸ್‌ನಲ್ಲಿ ಎಣಿಕೆ ಇಳಿಸುತ್ತಿದ್ದವು. ಅದೇ ಸಾಲುಗಳನ್ನು ಹಾಗೇ ಪ್ರಿಪೇರ್‌ಗೆ ತಂದು ಅಂಟಿಸಿದರೆ ಕೆಡುತ್ತದೆ. ಪ್ರಿಪೇರ್ ಆದ ಮೇಲೂ ಎಂಮ್ಯಾಪ್ ಸೋಲಬಹುದು. ಅಥವಾ ಪಕ್ಕದ ನಮೂದಿನಲ್ಲಿ ಮರ್ಜ್ ಆಗಿ ಹೊಸ ನಮೂದೇ ಹುಟ್ಟದೆ ಇರಬಹುದು. ಆಗ ಎಣಿಕೆ ಏರಿದ್ದು ಏರಿದ ಹಾಗೇ ಉಳಿಯುತ್ತದೆ, ಇಳಿಸುವವರು ಯಾರೂ ಇಲ್ಲ. ಬಫರ್ ಎಂದಿಗೂ ಬಿಡುಗಡೆ ಆಗುವುದಿಲ್ಲ. ಅರ್ಜಿ ಹಾಕಿದ ದಿನವೇ ಮನೆ ಪೂಜೆಗೆ ಊಟ ಹೇಳಿದ ಹಾಗೆ. ಹಾಗಾಗಿ ಹಳೆಯ ಡ್ರೈವರ್ ಬದಲಿಸಲು ಕೂತವರು ಮೊದಲು ಹುಡುಕಬೇಕಾದದ್ದು ಫ್ಲ್ಯಾಗ್ ಸಾಲುಗಳನ್ನಲ್ಲ. ಎಂಮ್ಯಾಪ್ ಒಳಗೆ ಯಾವುದಾದರೂ ಎಣಿಕೆ ಏರುತ್ತದೆಯೇ, ಮೆಮೊರಿ ತೆಗೆದುಕೊಳ್ಳುತ್ತದೆಯೇ ಅನ್ನುವುದನ್ನು.

ಇನ್ನೊಂದು ತೊಡಕು ಒಬ್ಬರ ಮೇಲೊಬ್ಬರು ಕೂತಿರುವವರದ್ದು. ಓವರ್‌ಲೇ ಅಂತ ಒಂದು ಕಡತ ವ್ಯವಸ್ಥೆ ಇದೆ, ಇನ್ನೊಂದು ಕಡತ ವ್ಯವಸ್ಥೆಯ ಮೇಲೆ ಪದರವಾಗಿ ಕೂರುತ್ತದೆ. ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಕಂಟೇನರ್‌ಗಳಲ್ಲಿ ಬಳಸುತ್ತಾರೆ. ಅದರ ಎಂಮ್ಯಾಪ್ ಕೆಳಗಿರುವ ನಿಜವಾದ ಕಡತ ವ್ಯವಸ್ಥೆಯ ಎಂಮ್ಯಾಪ್ ಅನ್ನು ಕರೆಯುತ್ತದೆ. ಮೇಲಿನವರು ಹಳೆಯ ಕ್ರಮದಲ್ಲಿ ಹಾಳೆ ಹಿಡಿದು ಬಂದಿದ್ದಾರೆ, ಕೆಳಗಿನವರು ಫಾರಂ ಮಾತ್ರ ಮುಟ್ಟುತ್ತಾರೆ. ಇಬ್ಬರ ನಡುವೆ ಒಂದು ದುಭಾಷಿ ಕೋಡ್ ಕೂರಿಸಿದ್ದಾರೆ. ಅದು ಹಾಳೆಯಲ್ಲಿರುವುದನ್ನು ಫಾರಂಗೆ ಇಳಿಸಿ, ಕೆಳಗಿನವರಿಂದ ತುಂಬಿಸಿಕೊಂಡು, ಮತ್ತೆ ಹಾಳೆಗೆ ಬರೆಯುತ್ತದೆ. ಎಲ್ಲರೂ ಬದಲಾಗುವವರೆಗೆ ಈ ದುಭಾಷಿಗೆ ಕೆಲಸ ಇದೆ.

ಎಲ್ಲರೂ ಬದಲಾಗುವುದು ಬೇಗ ಆಗುವ ಮಾತಲ್ಲ. ನೂರಾರು ಡ್ರೈವರ್‌ಗಳು ಇವೆ. ಗ್ರಾಫಿಕ್ಸ್ ಡ್ರೈವರ್‌ಗಳು ಎಂಮ್ಯಾಪ್‌ನಲ್ಲಿ ಮಾಡುವ ಕಸರತ್ತು ಒಂದು ಫಾರಂನಲ್ಲಿ ಹಿಡಿಸುವುದು ಸುಲಭವಲ್ಲ. ಹಳೆಯ ಎಂಮ್ಯಾಪ್ ಇನ್ನೂ ಇದೆ. ಕರ್ನಲ್‌ನ ದಾಖಲೆಗಳಲ್ಲಿ ಅದರ ಮುಂದೆ ಹೊಸ ಕೋಡ್‌ಗೆ ಬಳಸಬೇಡಿ ಅನ್ನುವ ಗುರುತು ಮಾತ್ರ ಬಿದ್ದಿದೆ. ಒಂದು ಡ್ರೈವರ್ ಎರಡರಲ್ಲಿ ಯಾವುದಾದರೂ ಒಂದನ್ನು ಇಟ್ಟುಕೊಳ್ಳಬಹುದು. ಎರಡನ್ನೂ ಇಟ್ಟುಕೊಂಡು ಬಂದರೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬರೆದು ಎಂಮ್ಯಾಪ್ ಕೇಳಿದ ಪ್ರೋಗ್ರಾಂಗೆ 'ನೋ ಸಚ್ ಡಿವೈಸ್' ಅಂತ ಹೇಳಿ ಕಳಿಸುತ್ತದೆ.